ಬೆಣಚುಗುಡ್ಡದ ಗುಂಡಿಗಿಡಗಳು

ನನ್ನ ಗಂಡ ಫ್ಲೂರ್ಸ್‌ನನ್ನು ಪೊಲೀಸರಿಗೆ ಹಿಡಿದುಕೊಟ್ಟವಳು ನನ್ನ ನಾದಿನಿ ದ್ರೀಕಾ. ಊರು ಅವಳನ್ನು ಇವತ್ತಿಗೂ ಕ್ಷಮಿಸಿಲ್ಲ. ನಾನು ಕ್ಷಮಿಸಿದ್ದೇನೋ ಇಲ್ಲವೋ, ನನಗೇ ತಿಳಿಯದು.

ನಮಾಕ್ವಾ ಎಂಬ ನಮ್ಮ ಈ ಒಣ ಸೀಮೆಯಲ್ಲಿ ಮಳೆ ಬರುವುದೇ ಚಳಿಗಾಲದಲ್ಲಿ, ಅದೂ ನಾಲ್ಕು ಹನಿ. ಊರ ಹಿಂದಿನ ಗುಡ್ಡದ ಮೇಲೆ ಬಿಳಿ ಬೆಣಚುಕಲ್ಲು ಹಾಸಿಕೊಂಡಿದೆ. ಆ ಕಲ್ಲುಗಳ ಸಂದಿಯಲ್ಲಿ ಅಂಗಿಯ ಗುಂಡಿಯಷ್ಟೇ ಇರುವ, ನೀರು ತುಂಬಿದ ಪುಟ್ಟ ಗಿಡಗಳಿವೆ. ನಾವು ಗುಂಡಿಗಿಡ ಎನ್ನುತ್ತೇವೆ. ಬೇಸಿಗೆಯಲ್ಲಿ ಕಾಗದದಂಥ ಸಿಪ್ಪೆಯೊಳಗೆ ಅಡಗಿದ್ದು, ಮಳೆ ಬಿದ್ದರೆ ಹಸಿರಾಗಿ ಹೊರಬರುತ್ತವೆ. ಲೋಕದಲ್ಲಿ ಬೇರೆಲ್ಲೂ ಇಲ್ಲವಂತೆ. ದ್ರೀಕಾ ಮೇಕೆ ಕಾಯುವವಳು, ಮದುವೆಯಾಗಲಿಲ್ಲ. ಅಪ್ಪ ಹೇಳಿದ್ದನೆಂದು ಒಂದು ಮರಿಯನ್ನೂ ಆ ಕಲ್ಲುಹಾಸಿನ ಮೇಲೆ ಬಿಟ್ಟವಳಲ್ಲ.

ತಾಮ್ರದ ಗಣಿ ಮುಚ್ಚಿ ಫ್ಲೂರ್ಸ್ ಮನೆಯಲ್ಲಿ ಕೂತ ವರ್ಷ ಗುಡ್ಡದಲ್ಲಿ ಗುಳಿಗಳು ಕಾಣಿಸಿಕೊಂಡವು. ಯಾರೋ ಗಿಡ ಕೀಳುತ್ತಿದ್ದರು. ಹೊರದೇಶದವರು ಇವನ್ನು ಕೊಂಡು ಕುಂಡದಲ್ಲಿಟ್ಟುಕೊಳ್ಳುತ್ತಾರೆಂಬ ಸುದ್ದಿಯಿತ್ತು. ದ್ರೀಕಾ ನಮ್ಮ ಮನೆಗೆ ಓಡಿಬಂದಳು.

“ಅಣ್ಣಾ, ನಾನೊಬ್ಳೇ ಎಷ್ಟು ಅಂತ ಕಾಯ್ಲಿ? ನೀನೂ ಬಾರೋ.”

ಅವನು ಹೋದ. ಅವಳದು ಮೂಡಲ ಮಗ್ಗುಲು, ಅವನದು ಪಡುವಲ ಮಗ್ಗುಲು. ನಾನು ಕೆಂಡದಲ್ಲಿ ಸುಟ್ಟ ರೊಟ್ಟಿ ಕಟ್ಟಿಕೊಡುತ್ತಿದ್ದೆ, ಇಬ್ಬರೂ ಹಂಚಿಕೊಂಡು ತಿನ್ನುತ್ತಿದ್ದರು. ಚಳಿಗಾಲ ಮುಗಿಯುವ ಹೊತ್ತಿಗೆ ಪಡುವಲ ಮಗ್ಗುಲು ಬರಿದಾಗಿತ್ತು.

ಅವಳು ನೆಟ್ಟಗೆ ನನ್ನ ಅಡುಗೆಮನೆಗೇ ಬಂದಳು. ಫ್ಲೂರ್ಸ್ ಕಾಫಿ ಕುಡಿಯುತ್ತಿದ್ದ.

“ಅಪ್ಪ ಆ ಗಿಡಾನ ನಿಂಗೂ ತೋರಿಸಿದ್ನಲ್ಲೋ!”

“ತೋರಿಸಿದ. ಗಣಿ ಮುಚ್ಚಿದ ಮೇಲೆ ಏನು ತಿನ್ಬೇಕು ಅಂತ ತೋರಿಸ್ಲಿಲ್ಲ. ಗಿಡಕ್ಕೆ ಇಷ್ಟು ಅಳ್ತೀಯಲ್ಲ, ಈ ಮನೆ ಒಲೆ ಹತ್ತಿದ್ಯಾ ಅಂತ ಒಂದಿನ ಕೇಳಿದ್ಯೇನೇ?”

“ಬಾಯಿ ಬಿಟ್ಟಿದ್ರೆ ಮೇಕೇನೇ ಕೊಡ್ತಿದ್ದೆ. ನನ್ನ ಪಕ್ಕದಲ್ಲೇ ಕೂತು, ಒಂದೇ ರೊಟ್ಟಿ ಮುರ್ಕೊಂಡು ತಿಂದು...” ನನ್ನತ್ತ ತಿರುಗಿದಳು. “ಅತ್ತಿಗೆ, ನಿಂಗೂ ಗೊತ್ತಿತ್ತಾ?”

ಗೊತ್ತಿರಲಿಲ್ಲ. ಅವಳು ನಂಬಲಿಲ್ಲ.

ಗಿಡಗಳ ರಕ್ಷಣೆಗೆಂದು ಸರ್ಕಾರ ನೇಮಿಸಿದ್ದ ಹೆಸ್ಟರ್ ಎಂಬ ಅಧಿಕಾರಿಣಿ ಆಗಾಗ ಜೀಪಿನಲ್ಲಿ ಬಂದು ದ್ರೀಕಾಳ ಗುಡಿಸಿಲಲ್ಲಿ ಕಾಫಿ ಕುಡಿಯುತ್ತಿದ್ದಳು. ದ್ರೀಕಾ ಅವಳಿಗೆ ಎಲ್ಲವನ್ನೂ ಹೇಳಿದಳು. ಹೇಳುವ ಮುಂಚೆ ಒಂದೇ ಮಾತು ಕೇಳಿದ್ದಳಂತೆ: ಕಿತ್ತ ಗಿಡಗಳು ಗುಡ್ಡಕ್ಕೆ ವಾಪಸ್ ಬರುತ್ತವಾ? ಹೆಸ್ಟರ್ ಕೈ ಹಿಡಿದು “ಖಂಡಿತ” ಅಂದಳಂತೆ.

ಪೊಲೀಸರು ಬಂದು ಹುಡುಕಿದಾಗ ನಮ್ಮ ಕೊಟ್ಟಿಗೆಯಲ್ಲಿ ಗಿಡ ತುಂಬಿದ ಪೆಟ್ಟಿಗೆಗಳು ಸಿಕ್ಕವು. ದ್ರೀಕಾ ಕೋರ್ಟಿನಲ್ಲಿ ಅಣ್ಣನ ಮುಖ ನೋಡಿಕೊಂಡೇ ಸಾಕ್ಷಿ ಹೇಳಿದಳು. ಅವನಿಗೆ ಜೈಲಾಯಿತು. ಅಂದಿನಿಂದ ಚರ್ಚಿನಲ್ಲಿ ಅವಳ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ನಾನೂ ಕೂರಲಿಲ್ಲ.

ಮುಂದಿನ ಚಳಿಗಾಲದ ಮಳೆ ಬಂತು, ಕಿತ್ತ ಗಿಡಗಳು ಗುಡ್ಡಕ್ಕೆ ವಾಪಸ್ ಬರಲಿಲ್ಲ. ನಾನು ಫ್ಲೂರ್ಸ್‌ನನ್ನು ನೋಡಲು ಜೈಲಿಗೆ ಹೊರಟ ದಿನ ದ್ರೀಕಾ ಅದೇ ಬಸ್ ಹತ್ತಿದಳು. ಪಟ್ಟಣದವರೆಗೂ ಬೇರೆ ಸೀಟಿನಲ್ಲೇ ಕೂತಳು. ಇಳಿದ ಮೇಲೆ, “ಅತ್ತಿಗೆ, ಮೊದಲು ನನ್ನ ಜೊತೆ ಬರ್ತೀಯಾ? ಅಲ್ಲಿ ಒಬ್ಳೇ ಮಾತಾಡೋಕೆ ಭಯ,” ಅಂದಳು. ಯಾಕೋ ಹೋದೆ.

ಹೆಸ್ಟರ್‌ಳ ಕಚೇರಿಯ ಹಿಂದೆ, ವಶಪಡಿಸಿಕೊಂಡ ಗಿಡಗಳನ್ನಿಡುವ ಗಾಜಿನ ಮನೆಯೊಳಗೆ ಸಾಲುಸಾಲು ತಟ್ಟೆಗಳು, ಒಂದೊಂದಕ್ಕೂ ಚೀಟಿ. ಅರ್ಧಕ್ಕರ್ಧ ಗಿಡ ಕೊಳೆತಿದ್ದವು. ಹೆಸ್ಟರ್ ತಗ್ಗಿದ ದನಿಯಲ್ಲಿ ವಿವರಿಸಿದಳು: ಬೇರೆ ಗುಡ್ಡಗಳ ಗಿಡಗಳ ಜೊತೆ ಬೆರೆತಿವೆ, ಬೇರಿಗೆ ರೋಗ ಅಂಟಿರಬಹುದು, ಗುಡ್ಡದಲ್ಲಿ ಮತ್ತೆ ನೆಟ್ಟರೆ ಅಲ್ಲಿ ಉಳಿದವೂ ಸಾಯುತ್ತವೆ.

“ಇದು ನಿಮಗೆ ಅವತ್ತೇ ಗೊತ್ತಿತ್ತಾ?” ದ್ರೀಕಾ ಕೇಳಿದಳು.

ಹೆಸ್ಟರ್ ನೆಲ ನೋಡಿದಳು. “ಹೇಳಿದ್ರೆ ನೀವು ಸಾಕ್ಷಿ ಹೇಳ್ತಿರ್ಲಿಲ್ಲ ದ್ರೀಕಕ್ಕಾ.”

“ಇನ್ನು ಅಕ್ಕ ಅನ್ಬೇಡಿ.”

ಜೈಲಿನ ಬಾಗಿಲವರೆಗೂ ದ್ರೀಕಾ ನನ್ನ ಜೊತೆ ಬಂದಳು. ತಂಗಿಯನ್ನು ನೋಡುವುದಿಲ್ಲವೆಂದು ಫ್ಲೂರ್ಸ್ ಹೇಳಿಕಳಿಸಿದ. ಅವಳು ಹೊರಗೆ ಬಿಸಿಲಲ್ಲೇ ಕೂತಿದ್ದಳು.

ಮೊನ್ನೆ ಹೆಸ್ಟರ್‌ಳ ಜೀಪು ಮತ್ತೆ ಊರಿಗೆ ಬಂದಿತ್ತು. ಮೂಡಲ ಮಗ್ಗುಲಲ್ಲಿ ಎಷ್ಟು ಗಿಡ ಉಳಿದಿವೆ, ಇನ್ನೆಲ್ಲಾದರೂ ಇವೆಯೇ ಎಂದು ವಿಚಾರಿಸಿದಳು. ದ್ರೀಕಾ ಮೇಕೆ ಹಾಲು ಕರೆಯುತ್ತ ತಲೆಯೆತ್ತದೆ, “ಎಲ್ಲೂ ಇಲ್ಲ,” ಅಂದಳು. ಅದು ಸುಳ್ಳೆಂದು ನನಗನ್ನಿಸಿತು. ಈಚೆಗೆ ಅವಳು ಮೇಕೆಗಳನ್ನು ಬೇರೆ ಕಣಿವೆಯ ಕಡೆ ಹೊಡೆದುಕೊಂಡು ಹೋಗುತ್ತಾಳೆ. ಯಾವ ಕಣಿವೆಯೆಂದು ನನಗೂ ಹೇಳಿಲ್ಲ. ನಾನು ಕೇಳಿಯೂ ಇಲ್ಲ.