ಬುರುಜಿನ ಮೊಹರು

"ಅಯ್ಯೋ ನೋಡ್ರೇ, ನನ್ನ ಮಾಂಸದ ಮೇಲೆ ಮೊಹರೇ ಇಲ್ಲ!"

ಅಗ್ನೆತಾ ಕೂಗಿದ ರಭಸಕ್ಕೆ ಬುರುಜಿನಲ್ಲಿದ್ದ ಹೆಂಗಸರೆಲ್ಲ ಚಾಕು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು. ತುರ್ಕರ ದಾಳಿಯ ಕಾಲದಿಂದಲೂ ಊರಿನ ಪ್ರತಿ ಮನೆಯ ಉಪ್ಪು ಹಚ್ಚಿದ ಹಂದಿಮಾಂಸ ತೂಗುವುದು ಚರ್ಚಿನ ಕೋಟೆಯ ಈ ಬುರುಜಿನಲ್ಲೇ. ಭಾನುವಾರ ಮಾತ್ರ ಬಾಗಿಲು ತೆರೆಯುತ್ತದೆ. ಅವರವರ ಪಾಲು ಕೊಯ್ದುಕೊಂಡ ಮೇಲೆ ಕಾವಲುಗಾರ ಟೋಬಿಯಾಸ್ ಕೊಯ್ದ ಅಂಚಿಗೆ ಮೊಹರು ಒತ್ತುತ್ತಾನೆ. ಮುಂದಿನ ವಾರ ಅದು ಕಾಣದಿದ್ದರೆ ಯಾರೋ ಕೈಯಾಡಿಸಿದ್ದಾರೆಂದೇ ಅರ್ಥ.

"ಹೋದ ವಾರ ನಾನೇ ಒತ್ತಿದ್ನಲ್ಲಮ್ಮ," ಎಂದು ಟೋಬಿಯಾಸ್ ತಲೆ ಕೆರೆದುಕೊಂಡ.

"ಒತ್ತಿದ್ದೆ ಕಣಪ್ಪಾ. ಆಮೇಲೆ ಕಡೇಲಿ ಇಳಿದು ಬಂದೋರು ಯಾರು, ಅದನ್ನ ಹೇಳು."

ಎಲ್ಲರ ಕಣ್ಣೂ ರೆಜಿನಾಳ ಕಡೆ ಹೊರಳಿದವು. ಮಂಡಿನೋವಿನ ರೆಜಿನಾ ಈಚೆಗೆ ಪ್ರತಿ ವಾರವೂ ಕಡೆಯಲ್ಲೇ ಇಳಿಯುತ್ತಿದ್ದಳು.

ಮೂರು ವರ್ಷದ ಹಿಂದೆ ಇದೇ ಮಾತನ್ನು ಇದೇ ರೆಜಿನಾ ಆಡಿದ್ದಳು. ಅಂದು ಮೊಹರಿಲ್ಲದ್ದು ಅವಳ ಮಾಂಸದ ಮೇಲೆ. ಕಡೆಯಲ್ಲಿ ಇಳಿದವಳು ಅಗ್ನೆತಾ. ಕಳ್ಳಿಯ ಮನೆಯ ಹೆಣ್ಣು ಬೇಡವೆಂದು ಅಗ್ನೆತಾಳ ಮಗಳು ಲೇನಿಯ ನಿಶ್ಚಿತಾರ್ಥ ಮುರಿದುಬಿತ್ತು. ಆ ವರ್ಷವೇ ಅದೇ ಹುಡುಗ ರೆಜಿನಾಳ ಅಳಿಯನಾದ. ಅಂದು ಅಗ್ನೆತಾಳ ಹೊಟ್ಟೆಯೊಳಗೆ ಬಿದ್ದ ಕೆಂಡ ಇವತ್ತಿಗೂ ಆರಿರಲಿಲ್ಲ. ಈಗ ರೆಜಿನಾಳ ಕಿರಿಮಗಳ ಮದುವೆ ಈಸ್ಟರ್‌ಗೆ ಗೊತ್ತಾಗಿತ್ತು. ಹೋದ ವಾರ ಟೋಬಿಯಾಸ್ ಮೊಹರು ಒತ್ತಿ ಮೇಲಿನ ಅಟ್ಟ ಹತ್ತಿದ ಕೂಡಲೇ ಅಗ್ನೆತಾ ತನ್ನ ಮಾಂಸವನ್ನು ತಾನೇ ಇನ್ನೊಮ್ಮೆ ಕೊಯ್ದು, ಮೊಹರಿನ ಸಮೇತ ಬಾಯಿಗೆ ಹಾಕಿಕೊಂಡು, ಸರಸರನೆ ಇಳಿದುಬಿಟ್ಟಿದ್ದಳು.

ರೆಜಿನಾಳ ತೋಳು ಹಿಡಿದು ನಿಂತಿದ್ದ ಹೊಸ ಬೀಗಿತ್ತಿ ಮೆಲ್ಲಗೆ ಕೈ ತೆಗೆದಳು. "ಈ ಮದುವೆ ಮಾತು ಇಲ್ಲಿಗೇ ಸಾಕು ರೆಜಿನಮ್ಮ," ಎಂದವಳೇ ಕೆಳಗಿಳಿದಳು. ಅವಳ ಹಿಂದೆ ಒಬ್ಬೊಬ್ಬರೇ ಇಳಿದರು. ಅಗ್ನೆತಾಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ರೆಜಿನಾ ಕುಂಟುತ್ತ ಬಂದು, ಕೊಯ್ದ ಅಂಚನ್ನು ಹೆಬ್ಬೆರಳಿನಿಂದ ಸವರಿ, ಅವಳಿಗೆ ಮಾತ್ರ ಕೇಳುವಂತೆ ಹೇಳಿದಳು: "ದಪ್ಪ ಕೊಯ್ದಿದ್ದೀಯ ಕಣೆ. ಅವತ್ತು ನಾನು ನಂದ್ರಲ್ಲಿ ಈರುಳ್ಳಿ ಸಿಪ್ಪೆಯಷ್ಟೇ ತೆಗೆದಿದ್ದೆ."

"ಏನಂದೆ? ಅದನ್ನೇ ಎಲ್ಲರ ಮುಂದೆ ಹೇಳು, ಬಾ!"

"ನೀನೇ ಹೇಳು ಹೋಗು. ನಂದು ಹೇಳಿದ್ರೆ ನಿಂದೂ ಹೇಳ್ಬೇಕಾಗುತ್ತೆ."

ಅಗ್ನೆತಾ ಚಾಕು ಎತ್ತಿಕೊಂಡಳು. ತನ್ನ ಪಾಲನ್ನು ಕೊಯ್ದುಕೊಂಡು ಮನೆಗೆ ಬಂದಳು.

ಮಧ್ಯಾಹ್ನ ಅವಳು ಮಾಂಸ ಹುರಿಯುತ್ತಿದ್ದಾಗ ಲೇನಿ ಓಡಿಬಂದಳು. ಮದುವೆ ನಿಂತ ಸುದ್ದಿ ಬಾವಿಕಟ್ಟೆಯಲ್ಲೇ ಸಿಕ್ಕಿತ್ತು. ಬಂದವಳೇ ತಾಯಿಯನ್ನು ಹಿಂದಿನಿಂದ ತಬ್ಬಿಕೊಂಡಳು. ಹೀಗೆ ತಬ್ಬಿ ಎಷ್ಟೋ ಕಾಲವಾಗಿತ್ತು.

"ಕಳ್ಳಿ ರೆಜಿನಾನೇ ಅಂತೆ. ಹಂಗಾದ್ರೆ ಅವತ್ತು ನೀನು ಕದ್ದಿರ್ಲಿಲ್ವಾ ಅಮ್ಮ?" ಲೇನಿ ಕೇಳಿದಳು. "ಇಷ್ಟು ದಿನ ನಾನೂ ನೀನೇ ಅನ್ಕೊಂಡಿದ್ದೆ."

ಅಗ್ನೆತಾ ತಿರುಗಿ ನೋಡಲಿಲ್ಲ. ಬಾಣಲೆಯಲ್ಲಿದ್ದ ತುಂಡನ್ನು ಮಗುಚಿ ಹಾಕಿದಳು.

"ಕೈ ತೊಳ್ಕೊ ಹೋಗು," ಎಂದಳು. "ಊಟ ಆರೋಗುತ್ತೆ."