ಎಡ ಅಂಚು

ಪ್ರೆಸ್ಸಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರ ಬಾಯಲ್ಲೂ ಅವನು ಕಾಗುಣಿತ. ಶಾಲೆಯ ಪಠ್ಯಪುಸ್ತಕಗಳನ್ನು ಅಚ್ಚು ಹಾಕುವ ಆ ಪ್ರೆಸ್ಸಿನಲ್ಲಿ ಇಪ್ಪತ್ತಾರು ವರ್ಷ ಕರಡು ತಿದ್ದಿದ್ದ. ಒತ್ತಕ್ಷರ ತಪ್ಪಿದ ಅಂಗಡಿ ಬೋರ್ಡು ಕಂಡರೆ ಒಳಗೆ ಹೋಗಿ ಹೇಳಿಬಂದ ಹೊರತು ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ. ತನ್ನ ಮದುವೆಯ ಆಮಂತ್ರಣದಲ್ಲೇ ಎರಡು ತಪ್ಪು ಹುಡುಕಿ ಮಾವನ ಮುಂದೆ ಹಿಡಿದಿದ್ದನಂತೆ; ಅದನ್ನು ಹೇಳಿಕೊಂಡು ಹೆಂಡತಿ ಈಗಲೂ ನಗುತ್ತಿದ್ದಳು.

ಅವನಿಗೆ ಅಕ್ಷರ ಕಲಿಸಿದವಳು ಅಕ್ಕ. ಆರು ವರ್ಷ ದೊಡ್ಡವಳು, ಮದುವೆಯಾಗಿರಲಿಲ್ಲ. ಊರಿನ ಗ್ರಂಥಾಲಯದಲ್ಲಿ ಇಪ್ಪತ್ತು ಕಂಪ್ಯೂಟರುಗಳಿದ್ದವು. ಎಲ್ಲವೂ ಮುದಿ ಯಂತ್ರಗಳು. ಅವುಗಳಿಗೆ ಪುಕ್ಕಟೆ ಸಿಗುವ ಲಿನಕ್ಸ್ ತಂತ್ರಾಂಶ ಹಾಕಿ, ಗದರಿಸಿ, ರಮಿಸಿ ನಡೆಸಿಕೊಂಡು ಹೋಗುವುದು ಅವಳ ಕೆಲಸ. ತಮ್ಮನ ಮನೆ ಎರಡು ಬೀದಿ ಆಚೆ. ಅಲ್ಲಿ ಬಲ್ಬು ಸುಟ್ಟರೂ ಮೊದಲು ಫೋನು ಬರುತ್ತಿದ್ದದ್ದು ಅವಳಿಗೇ.

ಒಂದು ಸೋಮವಾರ ಬೆಳಿಗ್ಗೆ ಕಾಗುಣಿತ ಮೇಜಿನ ಮುಂದೆ ಕೂತವನು ಎಡಕ್ಕೆ ವಾಲಿ ಕುರ್ಚಿಯಿಂದ ಜಾರಿದ. ಮಿದುಳಿನ ಬಲಗಡೆ ರಕ್ತ ಹೆಪ್ಪುಗಟ್ಟಿತ್ತು. ಮೂರು ವಾರ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ ಎಡಗೈ ಸೋತಿತ್ತು, ಎಡಗಾಲು ಎಳೆಯುತ್ತಿತ್ತು. ಮಾತು, ನೆನಪು, ವ್ಯಾಕರಣ ಮಾತ್ರ ಎಳ್ಳಷ್ಟೂ ಕದಲಿರಲಿಲ್ಲ. ಬದುಕಿಕೊಂಡ, ಅಷ್ಟೇ ಸಾಕು ಎಂದುಕೊಂಡರು ಇಬ್ಬರು ಹೆಂಗಸರೂ.

ಮೊದಲ ದಿನವೇ ಅವನು ಬಲಗೆನ್ನೆಯನ್ನಷ್ಟೇ ಬೋಳಿಸಿಕೊಂಡು ಬಚ್ಚಲಿನಿಂದ ಹೊರಬಂದ. ಊಟಕ್ಕೆ ಕೂತು ತಟ್ಟೆಯ ಬಲ ಅರ್ಧವನ್ನು ಖಾಲಿ ಮಾಡಿ, ಇವತ್ತು ಕಡಿಮೆ ಬಡಿಸಿದ್ದೀಯ ಎಂದು ಹೆಂಡತಿಯ ಮೇಲೆ ಗೊಣಗಿದ. ಅವಳು ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದಳು. ಅವನು ಸಮಾಧಾನದಿಂದ ಮತ್ತೆ ಉಣ್ಣತೊಡಗಿದ. ಕಣ್ಣು ಚೆನ್ನಾಗಿಯೇ ಇದೆ, ಆದರೆ ಎಡಗಡೆ ಅನ್ನುವುದೊಂದು ಇದೆ ಎನ್ನುವುದನ್ನೇ ಮಿದುಳು ಮರೆತಿದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಮರೆತಿದ್ದೇನೆ ಎಂಬುದೂ ರೋಗಿಗೆ ತಿಳಿಯುವುದಿಲ್ಲವಂತೆ. ಕಾಗುಣಿತ ಇದನ್ನೆಲ್ಲ ಶಾಂತವಾಗಿ ಕೇಳಿಸಿಕೊಂಡ, ಬೇರೆ ಯಾರದೋ ಸುದ್ದಿ ಕೇಳಿದ ಹಾಗೆ.

ಅವನಿಗೆ ಬೇಕಿದ್ದದ್ದು ಕೆಲಸ. ಒಂದು ತಿಂಗಳು ಕಳೆಯುವುದರೊಳಗೆ ಪ್ರೆಸ್ಸಿನ ಮ್ಯಾನೇಜರಿಗೆ ತಾನೇ ಫೋನು ಮಾಡಿ ಬೆನ್ನುಬಿದ್ದ. ಮ್ಯಾನೇಜರು ಒಳ್ಳೆಯ ಮನುಷ್ಯ. ಕರಡನ್ನೂ ಮೂಲಪ್ರತಿಯನ್ನೂ ಕಂಪ್ಯೂಟರಿಗೇ ಕಳಿಸುತ್ತೇನೆ, ಮನೆಯಲ್ಲೇ ಕೂತು ಮಾಡಿ ನೋಡಲಿ ಎಂದರು. ಗ್ರಂಥಾಲಯದವರು ಪಟ್ಟಿಯಿಂದ ತೆಗೆದುಹಾಕಿದ್ದ ಒಂದು ಕಂಪ್ಯೂಟರನ್ನು ಅಕ್ಕ ಕೇಳಿ ತಂದು ತಮ್ಮನ ಕೋಣೆಯಲ್ಲಿಟ್ಟಳು. ಅಗಲವಾದ ಪರದೆಯನ್ನೂ ಜೋಡಿಸಿದಳು.

ಮೊದಲು ಗ್ನೋಮ್ ಎಂಬ ಡೆಸ್ಕ್‌ಟಾಪ್ ಹಾಕಿದಳು. ಗ್ರಂಥಾಲಯಕ್ಕೆ ಬರುವ ಅಜ್ಜಂದಿರೂ ಅದನ್ನು ಸಲೀಸಾಗಿ ಬಳಸುತ್ತಿದ್ದರು. ಅದರಲ್ಲಿ ಎಲ್ಲಕ್ಕೂ ದಾರಿ ಇರುವುದು ಎಡಮೂಲೆಯಿಂದ. ಕಾಗುಣಿತ ಪರದೆಯನ್ನು ನೋಡಿ, "ಏನೂ ಹಾಕೇ ಇಲ್ವಲ್ಲ ಅಕ್ಕ," ಎಂದ. ಅದನ್ನು ತೆಗೆದು ಕೆಡಿಇ ಎಂಬುದನ್ನು ಹಾಕಿದಳು, ಅದರ ಮೆನು ಕೆಳಗಿನ ಎಡಮೂಲೆಯಲ್ಲಿ. ಮೆನುವಿನ ಪಟ್ಟಿಯನ್ನು ಎಳೆದು ಬಲ ಅಂಚಿಗೆ ನಿಲ್ಲಿಸಿದಾಗ ಮೆನು ಸಿಕ್ಕಿತು, ಆದರೆ ಕರಡು ತೆರೆದ ಕಿಟಕಿ ಹೋಗಿ ನಡುವೆ ಕೂತಿತು. ಪ್ರತಿ ಸಾಲಿನ ಮೊದಲರ್ಧ ಅವನ ಪಾಲಿಗಿಲ್ಲ. ಎಕ್ಸ್‌ಎಫ್‌ಸಿಇ ಎಂಬ ಇನ್ನೊಂದರಲ್ಲೂ ಅದೇ ಕಥೆಯಾಯಿತು. ಬಲದಿಂದ ಎಡಕ್ಕೆ ಬರೆಯುವ ಭಾಷೆಗಳಿಗಾಗಿ ಇಡೀ ಪರದೆಯನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸುವ ಏರ್ಪಾಡೊಂದಿತ್ತು, ಅದನ್ನೂ ಮಾಡಿ ನೋಡಿದಳು. ಗುಂಡಿಗಳೆಲ್ಲ ಶಿಸ್ತಾಗಿ ಬಲಕ್ಕೆ ಬಂದವು. ಕನ್ನಡದ ಸಾಲು ಮಾತ್ರ ಎಡದಿಂದಲೇ ಶುರುವಾಯಿತು.

ಹದಿನೈದು ದಿನ ಹೀಗೆ ಕಳೆಯಿತು. ನೀವು ತಲೆ ಕೆಡಿಸಿಕೊಂಡು ಅರ್ಧ ಆಗಿದ್ದೀರ ಅತ್ತಿಗೆ, ಬಿಟ್ಟುಬಿಡಿ ಎಂದು ತಮ್ಮನ ಹೆಂಡತಿ ಅಡುಗೆಮನೆಯಿಂದ ಹೇಳುತ್ತಿದ್ದಳು. ಅಕ್ಕ ಬಿಡಲಿಲ್ಲ. ಕೊನೆಗೊಂದು ಭಾನುವಾರ ಇಡೀ ಡೆಸ್ಕ್‌ಟಾಪನ್ನೇ ಕಿತ್ತುಹಾಕಿ ಬರೀ ಕಿಟಕಿಗಳನ್ನು ಜೋಡಿಸಿಡುವ ಐ-ತ್ರೀ ಎಂಬುದನ್ನು ಹಾಕಿದಳು. ಅದರಲ್ಲಿ ಮೆನು ಇಲ್ಲ, ಚಿತ್ರವಿಲ್ಲ, ಚಂದವಂತೂ ಮೊದಲೇ ಇಲ್ಲ. ಕಿಟಕಿಗಳು ಎಲ್ಲಿ ಕೂರಬೇಕೆಂದು ಒಂದು ಫೈಲಿನಲ್ಲಿ ಬರೆದಿಟ್ಟರೆ ಅಲ್ಲೇ ಕೂರುತ್ತವೆ, ಮಾತು ಮೀರುವುದಿಲ್ಲ. ಪರದೆಯ ಅಗಲ ಸಾವಿರದ ಒಂಬೈನೂರ ಇಪ್ಪತ್ತು ಚುಕ್ಕಿ. ಎಡಕ್ಕೆ ಒಂಬೈನೂರ ಅರವತ್ತು ಬಿಡು ಎಂದು ಬರೆದಳು. ಎಡ ಅರ್ಧ ಕಪ್ಪಾಯಿತು. ಬಲ ಅರ್ಧದಲ್ಲಿ ಮೇಲೆ ಮೂಲಪ್ರತಿ, ಕೆಳಗೆ ಕರಡು.

ಕಾಗುಣಿತ ಬಂದು ಕೂತ. ಮೇಲೊಮ್ಮೆ ಕೆಳಗೊಮ್ಮೆ ನೋಡಿದ. "ಇಲ್ಲಿ ದೀರ್ಘ ಬಿಟ್ಟಿದಾನೆ ನೋಡು ಕತ್ತೆ," ಎಂದ, ಟೈಪು ಮಾಡಿದವನನ್ನು ಕುರಿತು. ಅಕ್ಕ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ಮುಖ ತೊಳೆದುಕೊಂಡಳು.

ಮುಂದಿನ ಎರಡು ತಿಂಗಳಲ್ಲಿ ಮೂರು ಪುಸ್ತಕ ಮುಗಿದವು. ಪ್ರೆಸ್ಸಿನಲ್ಲಿ ಇನ್ನೊಬ್ಬರಿಂದ ಓದಿಸಿ ನೋಡಿದರೂ ಒಂದೇ ಒಂದು ತಪ್ಪು ಸಿಕ್ಕಲಿಲ್ಲ. ಮನೆಯಲ್ಲಿ ಹಳೆಯ ಕಾಗುಣಿತ ಮರಳಿ ಬಂದಿದ್ದ. ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಆಫೀಸಿಗೆ ಹೊರಟವನಂತೆ ಹತ್ತು ಹೆಜ್ಜೆ ನಡೆದು ಕೋಣೆಗೆ ಹೋಗುತ್ತಿದ್ದ.

ನಾಲ್ಕನೇ ತಿಂಗಳಲ್ಲಿ ಆಸ್ಪತ್ರೆಯಿಂದ ಒಬ್ಬ ಥೆರಪಿಸ್ಟ್ ಮನೆಗೆ ಬರತೊಡಗಿದಳು. ಅವಳ ಸರದಿ ಸಿಗುವುದೇ ಅಷ್ಟು ತಡವಾಗಿತ್ತು. ಕೈಕಾಲು ಆಡಿಸಿ ನೋಡಿ, ಕೊನೆಯಲ್ಲಿ ಕಂಪ್ಯೂಟರಿನ ಮುಂದೆ ನಿಂತು ಬಹಳ ಹೊತ್ತು ನೋಡಿದಳು. ಗೇಟಿನ ಹತ್ತಿರ ಅಕ್ಕನಿಗೆ ಹೇಳಿದಳು.

"ತುಂಬಾ ಚೆನ್ನಾಗಿ ಮಾಡಿದೀರ. ಆದ್ರೆ ಎಲ್ಲಾನೂ ಬಲಗಡೆ ತಂದು ಕೊಟ್ರೆ ಅವರು ಎಡಕ್ಕೆ ಯಾಕೆ ತಿರುಗ್ತಾರೆ? ಬೇಕು ಅನ್ನಿಸಿದ್ರೆ ತಾನೇ ಮಿದುಳು ಹುಡುಕೋದು. ಏನು ವಾಪಸ್ ಬಂದ್ರೂ ಹೆಚ್ಚಾಗಿ ಮೊದಲ ಆರು ತಿಂಗಳಲ್ಲೇ."

ಅಕ್ಕ ಲೆಕ್ಕ ಹಾಕಿದಳು. ಆರರಲ್ಲಿ ನಾಲ್ಕು ಆಗಲೇ ಹೋಗಿತ್ತು, ಅದರಲ್ಲಿ ಎರಡು ಅವಳ ಕಪ್ಪು ಪರದೆಯ ಮುಂದೆ. ಕಿಟಕಿಯ ಅಂಚನ್ನು ನಿಧಾನವಾಗಿ ಎಡಕ್ಕೆ ಸರಿಸುತ್ತಾ ಬನ್ನಿ, ಎಡ ಅಂಚಿಗೆ ಒಂದು ಕೆಂಪು ಗೆರೆ ಇಡಿ, ಗೆರೆ ಕಾಣುವವರೆಗೂ ಕತ್ತು ತಿರುಗಿಸಿ ಆಮೇಲೆ ಸಾಲು ಓದಲಿ ಎಂದು ಥೆರಪಿಸ್ಟ್ ಹೇಳಿಕೊಟ್ಟಳು. ಅವರಿಗೆ ತಿಳಿಸಿಯೇ ಮಾಡಿ ಎಂದೂ ಹೇಳಿದಳು.

ಕೆಂಪು ಗೆರೆಯ ವಿಷಯವನ್ನು ಅಕ್ಕ ತಮ್ಮನಿಗೆ ತಿಳಿಸಿದಳು. ಸರಿಸುವ ವಿಷಯವನ್ನು ನುಂಗಿಕೊಂಡಳು. ಹೇಳಿದರೆ ಅವನು ಹಟ ಹಿಡಿಯುತ್ತಾನೆ, ನನಗೇನಾಗಿದೆ ಎನ್ನುತ್ತಾನೆ, ಉಳಿದ ಎರಡು ತಿಂಗಳೂ ಹೋಗುತ್ತವೆ. ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಪ್ರತಿ ಭಾನುವಾರ ಅವನು ಮಲಗಿರುವಾಗ ಫೈಲು ತೆರೆದು ನಲವತ್ತು ಚುಕ್ಕಿ ಕಡಿಮೆ ಮಾಡುವಳು. ಒಂಬೈನೂರ ಇಪ್ಪತ್ತು. ಎಂಟುನೂರ ಎಂಬತ್ತು. ಸ್ವಲ್ಪ ಫಲವೂ ಕಂಡಿತು. ತಟ್ಟೆಯಲ್ಲಿ ಉಳಿಯುವುದು ಕಡಿಮೆಯಾಯಿತು, ಒಂದು ದಿನ ಎಡಗೆನ್ನೆಯೂ ಅರ್ಧ ಬೋಳಾಯಿತು. ಓದುವುದು ಮಾತ್ರ ನಿಧಾನವಾಯಿತು. ಯಾಕೋ ಬೇಗ ಆಯಾಸ ಆಗುತ್ತೆ ಎಂದು ಅವನು ಹೆಂಡತಿಗೆ ಹೇಳುತ್ತಿದ್ದ. ಅಕ್ಕ ಅದನ್ನು ಕೇಳಿಸಿಕೊಂಡೂ ಸುಮ್ಮನಿದ್ದಳು. ಎಂಟು ವಾರವಾದಾಗ ಅಂಚು ಆರುನೂರ ನಲವತ್ತಕ್ಕೆ ಬಂದಿತ್ತು.

ಆ ಗುರುವಾರ ಸಂಜೆ ಮ್ಯಾನೇಜರು ಖುದ್ದಾಗಿ ಬಂದರು. ಕೈಯಲ್ಲಿ ಕಾಗದದ ಕಟ್ಟು. ಕುಶಲ ಕೇಳಿದರು, ಕೊಟ್ಟದ್ದನ್ನು ಕುಡಿದರು, ವಿಷಯಕ್ಕೆ ಬರಲಾರದೆ ಒದ್ದಾಡಿದರು. ಕಡೆಗೆ ಅವನು ತಿದ್ದಿ ಕಳಿಸಿದ್ದ ವಿಜ್ಞಾನದ ಪುಸ್ತಕದ ಒಂದು ಹಾಳೆಯನ್ನು ಮೇಜಿನ ಮೇಲಿಟ್ಟರು, ಪಕ್ಕದಲ್ಲಿ ಮೂಲಪ್ರತಿಯನ್ನೂ.

ಕಾಗುಣಿತ ಎರಡನ್ನೂ ಗಟ್ಟಿಯಾಗಿ ಓದಿದ. "ವಾಹಕಗಳು: ರಬ್ಬರು, ಗಾಜು, ಒಣಮರ. ಇದರಲ್ಲೂ ವಾಹಕಗಳು, ಅದರಲ್ಲೂ ವಾಹಕಗಳು. ಸರಿಯಾಗೇ ಇದೆಯಲ್ಲ."

ವಿದ್ಯುತ್ತು ರಬ್ಬರಿನಲ್ಲಿ ಹರಿಯುವುದಿಲ್ಲ ಎಂದು ಅವನಿಗೆ ಗೊತ್ತಿಲ್ಲದ್ದೇನಲ್ಲ; ಕರಡು ತಿದ್ದುವವನ ಕಣ್ಣು ಹೋಲಿಸುವುದು ಅಕ್ಷರವನ್ನು, ಅರ್ಥವನ್ನಲ್ಲ. ಮೂಲಪ್ರತಿಯಲ್ಲಿ ಅವಾಹಕಗಳು ಎಂದೇ ಇತ್ತು, ಕರಡಿನಲ್ಲಿ ಅ ಬಿಟ್ಟುಹೋಗಿತ್ತು. ಮ್ಯಾನೇಜರು ತಮ್ಮ ಅಂಗೈಯಿಂದ ಮೂಲಪ್ರತಿಯ ಸಾಲಿನ ಉಳಿದದ್ದನ್ನೆಲ್ಲ ಮುಚ್ಚಿ ಮೊದಲ ಅಕ್ಷರವನ್ನಷ್ಟೇ ಬಿಟ್ಟರು.

"ಅ," ಎಂದ ಕಾಗುಣಿತ.

ಅಂಗೈ ತೆಗೆದರು. ಅ ಇಲ್ಲ. ಅವನು ತನ್ನ ಬಲಗೈಯನ್ನೇ ತಂದು ಮುಚ್ಚಿದ, ಅ ಬಂತು. ತೆಗೆದ, ಹೋಯಿತು. ಮೂರು ಸಲ ಹಾಗೆ ಮಾಡಿದ. ಅವನ ಮುಖ ನೋಡಲಾಗದೆ ಹೆಂಡತಿ ಬಾಗಿಲ ಹತ್ತಿರ ಹೋಗಿ ನಿಂತಳು. ಇಂಥವು ಬೇರೆ ಇವೆಯೇ ಎಂದು ಕೇಳಿದ. ಇನ್ನೂ ಆರು ಇದ್ದವು, ಎಲ್ಲವೂ ಸಾಲಿನ ಮೊದಲಲ್ಲಿ. ಅಸಾಧ್ಯ ಸಾಧ್ಯವಾಗಿತ್ತು, ಅಪೂರ್ಣ ಪೂರ್ಣವಾಗಿತ್ತು. ಒಂದೊಂದನ್ನೂ ತಾನೇ ಮುಚ್ಚಿ ತೆಗೆದು ನೋಡಿದ. ಆರು ತಿಂಗಳಿನಿಂದ ಎಲ್ಲರೂ ಹೇಳುತ್ತಿದ್ದ ಮಾತು ಅವತ್ತು ಅವನಿಗೆ ತಾಕಿತು.

"ಅಚ್ಚಿಗೆ ಹೋಗೋ ಮುಂಚೆ ಸಿಕ್ಕಿದ್ದು ಪುಣ್ಯ," ಎಂದ. "ಯಾವುದಾದ್ರೂ ಮಗು ಓದಿ ತಂತಿ ಮುಟ್ಟಿದ್ರೆ? ಇನ್ಮೇಲೆ ನಂಗೆ ಕಳಿಸಬೇಡಿ."

ಮ್ಯಾನೇಜರು ಬೇಡವೆನ್ನಲಿಲ್ಲ. ತಾವು ಆಡಬೇಕಾಗಿದ್ದ ಮಾತನ್ನು ಅವನೇ ಆಡಿದ್ದಕ್ಕೆ ಅವರಿಗೂ ಉಸಿರು ಬಂದಂತಾಯಿತು. ಮೂಲೆಯ ಸ್ಟೂಲಿನ ಮೇಲೆ ಅಕ್ಕ ಕೂತಿದ್ದಳು. ಅಂಚು ಹಳೆಯ ಜಾಗದಲ್ಲಿದ್ದಾಗ ಮೂರು ಪುಸ್ತಕದಲ್ಲಿ ಒಂದೂ ತಪ್ಪಿರಲಿಲ್ಲ ಎಂದು ಆಗಲೇ ಎದ್ದು ಹೇಳಿದ್ದರೆ ಏನಾಗುತ್ತಿತ್ತೋ. ಅವಳು ಹೇಳಿದ್ದು ಮ್ಯಾನೇಜರು ಬೀದಿಯ ತಿರುವು ದಾಟಿದ ಮೇಲೆ.

"ತಪ್ಪು ನಿಂದಲ್ಲ ಕಣೋ. ಎಂಟು ವಾರದಿಂದ ಆ ಎಡ ಅಂಚನ್ನ ನಾನು ಸರಿಸ್ತಾ ಬಂದೆ."

"ಎಷ್ಟು?"

"ಒಂದು ಅಂಗೈ ಅಗಲ."

ಥೆರಪಿಸ್ಟ್ ಹೇಳಿದ್ದನ್ನೆಲ್ಲ ತಡವರಿಸುತ್ತ ಹೇಳಿದಳು. ಅವನು ಪೂರ್ತಿ ಕೇಳಿದ.

"ನಂಗೆ ಹೇಳಬೇಕಿತ್ತು."

"ಹೇಳಿದ್ರೆ ಒಪ್ತಿದ್ಯಾ?"

"ಇಲ್ಲ," ಎಂದ. "ಒಪ್ಪಲ್ಲ ಅಂತ ಗೊತ್ತಿದ್ದೇ ತಾನೇ ನೀನು ಹೇಳದೇ ಇದ್ದಿದ್ದು," ಎಂದ. ದನಿ ಏರಿಸಲಿಲ್ಲ. ಏರಿಸಿದ್ದರೆ ಅವಳಿಗೆ ತಡೆದುಕೊಳ್ಳಲು ಸುಲಭವಾಗುತ್ತಿತ್ತು.

ಮರುದಿನ ರಜೆ ಹಾಕಿ ಅಕ್ಕ ಪ್ರೆಸ್ಸಿಗೆ ಹೋದಳು. ಎಲ್ಲವನ್ನೂ ಬಿಚ್ಚಿಟ್ಟಳು. ಮ್ಯಾನೇಜರು ತಲೆಯಾಡಿಸಿ ಕೇಳಿದರು. ನಿಮ್ಮ ಮಾತು ನಂಬುತ್ತೇನೆ, ಆದರೆ ಮಕ್ಕಳ ಪುಸ್ತಕ, ಇನ್ನು ನನಗೆ ಧೈರ್ಯ ಬರುವುದಿಲ್ಲ ಎಂದರು. ಮುಂದಿನ ವಾರ ಕಾಗುಣಿತನ ಕುರ್ಚಿಗೆ ಬೇರೆಯವರು ಬಂದರು.

ಅವಳು ಐ-ತ್ರೀ ಫೈಲಿನಲ್ಲಿ ಎರಡು ಸಾಲು ಸೇರಿಸಿದಳು. ಬಲಗೈಗೆ ಸಿಗುವ ಒಂದು ಕೀಲಿ ಒತ್ತಿದರೆ ಅಂಚು ಎಡಕ್ಕೆ ಸರಿಯುತ್ತದೆ, ಇನ್ನೊಂದು ಒತ್ತಿದರೆ ಬಲಕ್ಕೆ. ಇನ್ನು ಅದನ್ನು ನೀನೇ ನೋಡಿಕೋ, ನಾನು ಮುಟ್ಟುವುದಿಲ್ಲ ಎಂದಳು. ಅವನು ಆಗಲಿ ಎಂದ. ಹೆಂಡತಿ ಹೇಳಿದ ಪ್ರಕಾರ ಒಂದು ವಾರ ಕಂಪ್ಯೂಟರನ್ನೇ ಹಾಕಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಹೋಗಿ ಕೂತು, ಕೀಲಿಯನ್ನು ಒತ್ತುತ್ತ ಒತ್ತುತ್ತ ಅಂಚನ್ನು ಪೂರ್ತಿ ನಡುವಿಗೆ ತಂದು ನಿಲ್ಲಿಸಿದ. ಆ ಮೇಲೆ ಅದು ಕದಲಲಿಲ್ಲ.

ಥೆರಪಿಸ್ಟ್ ಎಂಟನೇ ತಿಂಗಳಿನವರೆಗೆ ಬಂದಳು. ಎಡಗೈ ಲೋಟ ಹಿಡಿಯುವಷ್ಟಾಯಿತು. ಎಡಗಡೆ ಒಂದು ಗೇಣಿನಷ್ಟು ಮರಳಿ ಬಂದು ಅಲ್ಲೇ ನಿಂತಿತು. ಕೊನೆಯ ದಿನ ಅಕ್ಕ ಗೇಟಿನವರೆಗೆ ಹೋಗಿ, ಮೊದಲಿಂದಲೇ ಅಂಚು ಸರಿಸಿದ್ದರೆ ಹೆಚ್ಚು ಬರುತ್ತಿತ್ತೇ ಎಂದು ಕೇಳಿದಳು. ಅದನ್ನು ಯಾರೂ ಹೇಳಲಾರರು ಎಂದಳು ಆಕೆ. ಸರಿಸದೇ ಬಿಟ್ಟಿದ್ದರೆ ಈಗಿನಷ್ಟೂ ಬರುತ್ತಿರಲಿಲ್ಲವೇ ಎಂದು ಕೇಳಿದಳು. ಅದನ್ನೂ ಹೇಳಲಾರರಂತೆ.

ಮನೆಯಲ್ಲಿ ಜಗಳವೇನೂ ಆಗಲಿಲ್ಲ. ಆದರೆ ಆ ಮನೆಯಿಂದ ಫೋನು ಬರುವುದು ನಿಂತಿತು. ನಲ್ಲಿ ಕೆಟ್ಟರೆ ನಲ್ಲಿಯವನನ್ನು ಕರೆದರು. ಅಕ್ಕ ಹೋದರೆ ತಮ್ಮ ಕೂರು ಎನ್ನುತ್ತಿದ್ದ, ಊಟ ಆಯ್ತಾ ಎನ್ನುತ್ತಿದ್ದ, ದೂರದ ನೆಂಟರ ಹತ್ತಿರ ಮಾತಾಡುವ ಹಾಗೆ.

ತಿಂಗಳು ಕಳೆದ ಮೇಲೆ ಅವಳು ಗ್ರಂಥಾಲಯದ ಪುಸ್ತಕಪಟ್ಟಿಯನ್ನು ಅವನ ಕಂಪ್ಯೂಟರಿಗೆ ತುಂಬಿಕೊಂಡು ಹೋದಳು. ನಲವತ್ತು ಸಾವಿರ ಪುಸ್ತಕಗಳ ಹೆಸರು, ಹತ್ತಾರು ಕೈಗಳಲ್ಲಿ ಟೈಪಾಗಿ ಹಾಳಾಗಿದ್ದವು.

"ಇದು ಕೆಲಸಾನೋ ಸಮಾಧಾನಾನೋ?" ಎಂದು ಅವನು ಕೇಳಿದ.

"ತಪ್ಪು ತುಂಬಾ ಇವೆ. ತಿದ್ದೋರು ಯಾರೂ ಇಲ್ಲ," ಎಂದಳು.

ಮುಂದಿನ ಭಾನುವಾರದ ಹೊತ್ತಿಗೆ ಅವನು ಇನ್ನೂರು ಹೆಸರು ತಿದ್ದಿಟ್ಟಿದ್ದ. ಅವಳು ಮನೆಗೆ ಒಯ್ದು ಪ್ರತಿಯೊಂದನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಎಲ್ಲವೂ ಸರಿಯಾಗಿದ್ದವು. ಹಾಗೆ ಪರೀಕ್ಷೆ ಮಾಡಿದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆದರೂ ಮುಂದಿನ ವಾರ ಮತ್ತೆ ನೋಡಿದಳು.

ಹೀಗೇ ಒಂದು ವರ್ಷ ನಡೆಯಿತು. ಒಂದು ಮಧ್ಯಾಹ್ನ ಅವಳು ಪಕ್ಕದಲ್ಲಿ ಕೂತು ಪಟ್ಟಿಯನ್ನು ನಕಲು ಮಾಡಿಕೊಳ್ಳುತ್ತಿದ್ದಾಗ ಅವನು ಪರದೆಯಿಂದ ಕಣ್ಣು ತೆಗೆಯದೆ ಮಾತಾಡಿದ.

"ಆ ಎರಡು ತಿಂಗಳು ನಾನು ಚೆನ್ನಾಗಿ ಮಾಡ್ದೆ ಅಲ್ವಾ ಅಕ್ಕ?"

"ಮೂರು ಪುಸ್ತಕ. ಒಂದೂ ತಪ್ಪಿರಲಿಲ್ಲ."

ಅವನು ತಲೆಯಾಡಿಸಿ ಮತ್ತೆ ಓದತೊಡಗಿದ. ನಕಲು ಮುಗಿದು ಬಹಳ ಹೊತ್ತಾಗಿದ್ದರೂ ಅವಳು ಏಳಲಿಲ್ಲ. ಅತ್ತಿಗೆ, ಒಳಗೆ ಬಂದು ಏನಾದರೂ ತಿನ್ನಿ ಎಂದು ತಮ್ಮನ ಹೆಂಡತಿ ಎರಡು ಸಲ ಕರೆದಳು. ಬಂದೆ ಎನ್ನುತ್ತ ಅಕ್ಕ ಅಲ್ಲೇ ಕೂತಿದ್ದಳು.