ಅರಳೆ ಒತ್ತುವ ಕೈ

ರಾಮನಗರದ ಒಂದು ಸಣ್ಣ ನರ್ಸಿಂಗ್ ಹೋಮಿಗೆ ರಾಧಾಮಣಿ ಆಯಾ ಆಗಿ ಸೇರಿದವಳು. ಹಾಸಿಗೆ ಬಟ್ಟೆ ಬದಲಿಸುತ್ತ, ರೋಗಿಗಳ ಮೈ ಒರೆಸುತ್ತ, ನೋಡಿ ನೋಡಿಯೇ ರಕ್ತ ತೆಗೆಯುವುದನ್ನೂ ಕಲಿತಳು. "ನಿನ್ನ ಕೈ ಹಗುರ, ನೀನೇ ತೆಗಿ" ಎಂದು ಹಳೆಯ ಡಾಕ್ಟರು ಅಂದದ್ದೇ ಅವಳ ಪರೀಕ್ಷೆ, ಅದೇ ಪಾಸು.

ಸೂಜಿ ಚುಚ್ಚುವ ಮುಂಚೆ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದಳು: "ಅದ್ನ ನೋಡ್ಬ್ಯಾಡಿ, ನನ್ನ ಮುಖ ನೋಡಿ." ನೋಡುತ್ತಿದ್ದರು. ಗಂಡ ಹೋದ ಮೇಲೆ, ಮಕ್ಕಳೂ ಇಲ್ಲದೆ ಬಾಡಿಗೆ ಕೋಣೆಯಲ್ಲಿ ಇರುವವಳ ಮುಖ ನೋಡುವವರು ಬೇರೆ ಯಾರಿದ್ದರು?

ಈಗ ಆಸ್ಪತ್ರೆ ಹಳೆಯ ಡಾಕ್ಟರ ಮಗಳ ಕೈಗೆ ಬಂದಿದೆ. "ರಾಧಮ್ಮ, ಇನ್ಮೇಲೆ ನೀವು ರಕ್ತ ತೆಗೀಬೇಡಿ. ಅದನ್ನ ಓದಿ ಪಾಸಾದೋರೇ ಮಾಡ್ಬೇಕು. ಹೆಚ್ಚುಕಮ್ಮಿ ಆದ್ರೆ ರೋಗಿಗೂ ಕಷ್ಟ, ನಿಮಗೂ ಕಷ್ಟ" ಎಂದಳು. ಬೈದು ಹೇಳಿದ್ದರೆ ಎದುರಾಡಬಹುದಿತ್ತು. ಮೆತ್ತಗೆ ಹೇಳಿದಳು. ಲ್ಯಾಬಿಗೆ ಕನಕಪುರದ ಭಾನುಪ್ರಿಯ ಎಂಬ ಹುಡುಗಿ ಬಂದಳು.

ಒಂದು ಬೆಳಿಗ್ಗೆ ಭಾನುಪ್ರಿಯಳ ಬಸ್ಸು ಇನ್ನೂ ಬಂದಿರಲಿಲ್ಲ. ಸಕ್ಕರೆ ಕಾಯಿಲೆಯ ವಜೀರಾ ಖಾಲಿ ಹೊಟ್ಟೆಯಲ್ಲಿ ಬಂದು ಕೂತಳು. ರೇಷ್ಮೆ ಗೂಡು ಬೇಯುವ ನೀರಿನಲ್ಲಿ ಎಳೆ ತೆಗೆಯುತ್ತಲೇ ಆಯುಸ್ಸು ಸವೆಸಿದ ಹೆಂಗಸು.

"ಏನೇ ರಾಧಮ್ಮ, ಒಂಟಿ ಕೊಕ್ಕರೆ ಹಂಗೆ ನಿಂತಿದ್ದೀಯ? ಬೇಗ ತೆಗಿ, ಹೊಟ್ಟೆ ಚುರುಗುಟ್ತಾ ಐತೆ."

"ನಾನು ತೆಗೆಯಂಗಿಲ್ಲ ಬೂಬಮ್ಮ. ಓದಿರೋ ಮಗಿ ಬತ್ತದೆ, ಒಸಿ ತಡಿ."

"ಓದ್ಬುಟ್ರೆ ನನ್ನ ನರ ಸಿಕ್ಬುಡ್ತದಾ? ಗೂಡಲ್ಲಿ ಎಳೆ ಹಿಡಿದಂಗೆ ಹಿಡಿಯೋಳು ನೀನೊಬ್ಬಳೇ. ಯಾರೂ ಇಲ್ಲ, ತೆಗಿಯೇ!"

ಯಾರೂ ಇರಲಿಲ್ಲ. ರಾಧಾಮಣಿ ಅವಳ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿಯೇಬಿಟ್ಟಳು. ಬೆರಳ ತುದಿಗೆ ನರ ಸಿಕ್ಕಿತು. ಹೇಳುವ ಮುಂಚೆಯೇ ವಜೀರಾ ಕತ್ತೆತ್ತಿ ಅವಳ ಮುಖ ನೋಡಿದಳು.

ಅಲ್ಲೇ ಕೈ ನಿಂತಿತು. ಹಸಿದಿರುವವಳು ಇವಳೋ, ನಾನೋ?

ಪಟ್ಟಿ ಬಿಚ್ಚಿದಳು. "ಬ್ಯಾಡ ಬೂಬಮ್ಮ. ಏನಾರ ಆಗ್ಬುಟ್ರೆ ನಿನ್ನ ಮುಂದೆ ಹೆಂಗೆ ನಿಂತ್ಕೊಳ್ಲಿ?"

"ನಿಂಗೂ ಡೌಲು ಬಂದ್ಬುಟ್ಟದೆ ಬುಡು" ಎಂದು ವಜೀರಾ ಗೋಡೆಯ ಕಡೆ ತಿರುಗಿದಳು.

ಭಾನುಪ್ರಿಯ ಏದುಸಿರು ಬಿಡುತ್ತ ಬಂದಳು. ಕೈ ತೊಳೆದು ಗ್ಲೌಸು ಹಾಕಿಕೊಂಡಳು. ನರ ಸಿಗದಿರಲಿ ಎಂದು ರಾಧಾಮಣಿಯ ಮನಸ್ಸಿನ ಮೂಲೆಯಲ್ಲೊಂದು ಹಾಳು ಆಸೆ ಹೆಡೆಯೆತ್ತಿತು. ಮೊದಲ ಚುಚ್ಚಿಗೇ ರಕ್ತ ಬಂತು.

"ಅಷ್ಟೇನಾ? ಸೊಳ್ಳೆ ಕಚ್ಚಿದಂಗೂ ಆಗ್ಲಿಲ್ಲ! ಚಿನ್ನದಂಥ ಕೈ ಕಣಮ್ಮ ನಿಂದು" ಎಂದು ವಜೀರಾ ಹುಡುಗಿಯ ಗಲ್ಲ ಸವರಿದಳು.

"ರಾಧಮ್ಮ, ಅರಳೆ ಒಸಿ ಒತ್ತಿ ಹಿಡ್ಕೊಳಿ" ಎಂದು ಭಾನುಪ್ರಿಯ ರಕ್ತದ ಟ್ಯೂಬು ಹಿಡಿದು ಒಳಗೆ ಹೋದಳು.

ರಾಧಾಮಣಿ ಒತ್ತಿ ಹಿಡಿದಳು.

"ಇದಕ್ಕೆ ಪಾಸಾಗ್ಬೇಕಿಲ್ವಾ?" ವಜೀರಾಳ ಮುನಿಸು ಇಳಿದಿತ್ತು.

"ಇದಕ್ಕೇನೂ ಬ್ಯಾಡ."

"ನಿಂತೋಯ್ತು ಕಣೆ ರಕ್ತ."

"ಇನ್ನೊಸಿ ಇರ್ಲಿ."

ವಜೀರಾ ಕೈ ಎಳೆದುಕೊಳ್ಳಲಿಲ್ಲ. ಆದರೆ ಅವಳ ಕಣ್ಣು ಆಗಲೇ ಬಾಗಿಲಾಚೆಯ ಟೀ ಅಂಗಡಿಯ ಮೇಲಿತ್ತು.